ಆರು ವರ್ಷದ ಸ್ಲೈಡಿಂಗ್ ಡೋರ್: ಯಾರೂ ತೋರಿಸದ ಆ ಸ್ಕ್ರೂ

ಬಾಲ್ಕನಿಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಫ್ರೇಮ್‌ನ) ಸ್ಲೈಡಿಂಗ್ ಡೋರ್ ಹಾಕಿಸಿ ಆರು ವರ್ಷ ಆಯ್ತು. ಮಂಗಳೂರು, ಮೂರನೇ ಮಹಡಿ, ಸಮುದ್ರದ ಕಡೆ ಮುಖ. ಎರಡು ಗಾಜಿನ ಬಾಗಿಲು, ಒಂದು ಸೊಳ್ಳೆ ಜಾಲರಿ. ಗಾಜಿನ ಬಗ್ಗೆ, ಫ್ರೇಮ್ ಬಗ್ಗೆ ನನ್ನ ದೂರಿಲ್ಲ. ದೂರು ಇರುವುದು ಕೆಳಗಿನ ರೋಲರ್‌ಗಳ ಬಗ್ಗೆ, ಅಂದರೆ ಬಾಗಿಲನ್ನು ಹೊತ್ತು ಟ್ರ್ಯಾಕ್ ಮೇಲೆ ಉರುಳುವ ಪುಟ್ಟ ಚಕ್ರಗಳ ಬಗ್ಗೆ.

ಮೊದಲ ಮೂರು ವರ್ಷ ಒಂದು ಬೆರಳಿಗೆ ಜಾರುತ್ತಿತ್ತು. ಬೆಳಿಗ್ಗೆ ಆರಕ್ಕೆ ಅಮ್ಮ ಬಾಗಿಲು ಸರಿಸಿ, ತುಳಸಿಗೆ ನೀರು ಹಾಕಿ, ಅಲ್ಲೇ ಸ್ಟೂಲ್ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆಮೇಲೆ ಬಾಗಿಲು ಬಿಗಿಯಾಗುತ್ತಾ ಹೋಯಿತು. ಎರಡು ಕೈ ಬೇಕಾಯಿತು, ಕೊನೆಗೆ ಭುಜ ಕೊಟ್ಟು ತಳ್ಳಬೇಕಾಯಿತು. "ನನ್ನಿಂದ ಆಗುದಿಲ್ಲ ಮಾರಾಯ್ತಿ" ಅಂತ ಅಮ್ಮ ಅಡುಗೆಮನೆಯಲ್ಲೇ ಕಾಫಿ ಕುಡಿಯಲು ಶುರು ಮಾಡಿದರು. ನನಗೆ ಬೇಜಾರಾಗಿದ್ದು ಅದಕ್ಕೇ.

ಹಾಕಿಸಿದವರಿಗೆ ಫೋನ್ ಮಾಡಿದೆ. ಬಂದವರು ಎರಡು ನಿಮಿಷ ನೋಡಿ, ಎಲ್ಲಾ ರೋಲರ್ ಬದಲಿಸಬೇಕು, 6,000 ರೂಪಾಯಿ ಅಂದರು. ರೋಲರ್‌ನ ಎತ್ತರ ಹೊಂದಿಸುವ ಸ್ಕ್ರೂ ಒಂದಿದೆ ಅಂತ ಆ ದಿನವೂ ಹೇಳಲಿಲ್ಲ, ಹಾಕಿದ ದಿನವೂ ಹೇಳಿರಲಿಲ್ಲ. ಈ ಸಿಟ್ಟು ಇನ್ನೂ ಇಳಿದಿಲ್ಲ.

ತೋರಿಸಿಕೊಟ್ಟವರು ನಮ್ಮ ಬೀದಿಯ ಅಲ್ಯೂಮಿನಿಯಂ ಅಂಗಡಿಯವರು. ಬಾಗಿಲ ಪಕ್ಕದ ಅಂಚಿನಲ್ಲಿ, ಕೆಳತುದಿಗೆ, ಬೆರಳುಗುರಿನಷ್ಟು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿದರೆ ಒಳಗೆ ಸ್ಕ್ರೂ. ಸ್ಟಾರ್ ಸ್ಕ್ರೂ ಡ್ರೈವರ್ ಸಾಕು. ನಮ್ಮದರಲ್ಲಿ ಬಲಕ್ಕೆ ತಿರುಗಿಸಿದರೆ ಬಾಗಿಲು ಏಳುತ್ತದೆ. ಸ್ವಲ್ಪ ತಿರುಗಿಸಿ ನೋಡಿದರೆ ನಿಮ್ಮದು ಯಾವ ಕಡೆ ಅಂತ ಗೊತ್ತಾಗುತ್ತದೆ. ಆದರೆ ಭಾರ ಇಳಿಸದೆ ತಿರುಗಿಸಬೇಡಿ, ಸ್ಕ್ರೂ ತಲೆ ಸವೆದು ಹೋಗುತ್ತದೆ. 5 ಮಿ.ಮೀ. ಗಾಜು ಚದರ ಮೀಟರಿಗೆ 12.5 ಕಿಲೋ ತೂಗುತ್ತದೆ. ನಮ್ಮ ಒಂದು ಬಾಗಿಲು ಸುಮಾರು ಎರಡು ಚದರ ಮೀಟರ್, ಅಂದರೆ ಗಾಜೇ 25 ಕಿಲೋ. ಅಷ್ಟನ್ನೂ ಎರಡು ರೋಲರ್ ಹೊತ್ತಿರುತ್ತವೆ. ನನ್ನ ತಮ್ಮ ಒಂದು ಮರದ ಪಟ್ಟಿ ಸಿಕ್ಕಿಸಿ ಬಾಗಿಲನ್ನು ಕೂದಲೆಳೆಯಷ್ಟು ಎತ್ತಿ ಹಿಡಿದ, ನಾನು ಅರ್ಧರ್ಧ ಸುತ್ತು ತಿರುಗಿಸಿದೆ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಆದಾಗ ನಿಲ್ಲಿಸಿದೆವು. ಲಾಕ್ ಬೀಳುತ್ತದಾ ಅಂತ ಆಗಲೇ ನೋಡಿ. ನಾವು ನೋಡದೆ, ರಾತ್ರಿ ಮಲಗುವ ಹೊತ್ತಿಗೆ ಕೊಕ್ಕೆ ತೂತಿಗೆ ಸಿಗದೆ, ಮತ್ತೆ ಕಾಲು ಸುತ್ತು ಇಳಿಸಬೇಕಾಯಿತು.

ನಮ್ಮದೂ ಒಂದು ತಪ್ಪಿತ್ತು. ಬಿಗಿಯಾದಾಗಲೆಲ್ಲ ಟ್ರ್ಯಾಕ್‌ಗೆ ತೆಂಗಿನೆಣ್ಣೆ ಬಿಡುತ್ತಿದ್ದೆವು. ಎರಡು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಧೂಳು ಅಂಟಿ ಕಾಡಿಗೆಯ ಹಾಗೆ ಕಪ್ಪು ಅಂಟು. ಬಾಗಿಲನ್ನು ಮೇಲೆತ್ತಿ, ಕೆಳಭಾಗವನ್ನು ಒಳಗೆಳೆದು ಬಿಚ್ಚಿ ನೋಡಿದರೆ, ಒಂದು ರೋಲರ್‌ಗೆ ನನ್ನ ಉದ್ದ ಕೂದಲು ನೂಲಿನ ಹಾಗೆ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಇನ್ನೊಂದರ ಬೇರಿಂಗ್ ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಅದನ್ನು ಮಾತ್ರ ಬದಲಿಸಿದೆವು, ಸ್ಟೇನ್‌ಲೆಸ್ ಸ್ಟೀಲಿನದು, 350 ರೂಪಾಯಿ. ಸಮುದ್ರದ ಹತ್ತಿರ ಇರುವವರು ಹಾಕಿಸುವಾಗಲೇ ಸ್ಟೇನ್‌ಲೆಸ್ ಕೇಳಿ ಪಡೆಯಿರಿ.

ಈಗ ಭಾನುವಾರ ಹತ್ತು ನಿಮಿಷದ ಕೆಲಸ. ಹಳೇ ಟೂತ್‌ಬ್ರಶ್‌ನಿಂದ ಟ್ರ್ಯಾಕ್ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ತಿಂಗಳಿಗೊಮ್ಮೆ ಸಿಲಿಕೋನ್ ಸ್ಪ್ರೇ. ಮಳೆಗಾಲಕ್ಕೆ ಮುಂಚೆ ಹಿಡಿಸೂಡಿಯ ಕಡ್ಡಿಯಿಂದ ನೀರು ಹೋಗುವ ಸಣ್ಣ ತೂತುಗಳನ್ನು ಬಿಡಿಸುತ್ತೇನೆ. ಅವು ಕಟ್ಟಿಕೊಂಡರೆ ಟ್ರ್ಯಾಕ್‌ನಲ್ಲಿ ನೀರು ನಿಂತು ಹಾಲ್‌ಗೆ ಬರುತ್ತದೆ, ರೋಲರ್ ದಿನಗಟ್ಟಲೆ ನೀರಲ್ಲೇ ಇರುತ್ತದೆ.

ಬಾಗಿಲಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಹಾಕಿದವರ ಸರ್ವಿಸ್‌ಗೆ ಒಂದು. ಅಮ್ಮನ ಸ್ಟೂಲ್ ಮತ್ತೆ ತುಳಸಿಯ ಪಕ್ಕಕ್ಕೆ ಬಂದಿದೆ.