ಫ್ಲಟರ್ ಕಲಿಕೆಯ ಆರಂಭ: ಚೌಕಟ್ಟು ಗಟ್ಟಿ, ಹೊಸ್ತಿಲು ಎತ್ತರ

ಒಮ್ಮೆ ಬರೆದ ಕೋಡ್ ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ನಡೆಯಬೇಕು ಎಂಬ ಬೇಡಿಕೆಗೆ ಉತ್ತರವಾಗಿ ಬಂದ ಸಾಧನಗಳಲ್ಲಿ ಗೂಗಲ್ ಸಂಸ್ಥೆಯ ಫ್ಲಟರ್ ಇಂದು ಮುಂಚೂಣಿಯಲ್ಲಿದೆ. 2015ರಲ್ಲಿ ‘ಸ್ಕೈ’ ಎಂಬ ಹೆಸರಿನ ಪ್ರಯೋಗವಾಗಿ ಕಾಣಿಸಿಕೊಂಡು, 2018ರ ಡಿಸೆಂಬರ್‌ನಲ್ಲಿ 1.0 ಆವೃತ್ತಿಯಾಗಿ ಹೊರಬಂದ ಈ ಮುಕ್ತ ತಂತ್ರಾಂಶವು 2021ರಲ್ಲಿ ವೆಬ್‌ಗೂ, 2022ರಲ್ಲಿ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರ್‌ಗಳಿಗೂ ವಿಸ್ತರಿಸಿತು. ಆ ಎಲ್ಲ ವಿಸ್ತಾರವನ್ನು ಅಳೆಯುವುದು ಈ ವಿಮರ್ಶೆಯ ಉದ್ದೇಶವಲ್ಲ. ಯಾವುದೋ ಒಂದು ಭಾಷೆಯಲ್ಲಿ ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳನ್ನು ಮುಗಿಸಿರುವ, ಕೈಯಲ್ಲಿ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್ ಹಾಗೂ ಒಂದು ಆಂಡ್ರಾಯ್ಡ್ ಫೋನ್ ಮಾತ್ರ ಇರುವ ವಿದ್ಯಾರ್ಥಿಯೋ ಉದ್ಯೋಗಿಯೋ ಫ್ಲಟರ್ ಕಲಿಯಲು ಕುಳಿತರೆ ಏನೇನು ಎದುರಾಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಚೌಕಟ್ಟು, ಅಂದರೆ ಫ್ಲಟರ್ ಎಂಬ ಫ್ರೇಮ್‌ವರ್ಕ್, ಕಲಿಯುವವರ ಪರವಾಗಿದೆ. ಅದರ ಸುತ್ತ ಇರುವ ಸಲಕರಣೆಗಳು ಹಾಗಿಲ್ಲ.

ಫ್ಲಟರ್‌ನ ಸ್ವಭಾವವನ್ನು ಅರಿಯಲು ಒಂದು ಸಂಗತಿ ತಿಳಿದಿರಬೇಕು. ಇದು ಫೋನಿನ ಕಾರ್ಯಾಚರಣ ವ್ಯವಸ್ಥೆ ಒದಗಿಸುವ ಬಟನ್, ಪಟ್ಟಿ, ಸ್ವಿಚ್‌ಗಳನ್ನು ಬಳಸುವುದಿಲ್ಲ. ಪರದೆಯ ಮೇಲಿನ ಪ್ರತಿಯೊಂದನ್ನೂ ತಾನೇ ಬಿಡಿಸುತ್ತದೆ. ಮೊದಲು ಆ ಕೆಲಸವನ್ನು ಸ್ಕಿಯಾ ಎಂಬ ಗ್ರಾಫಿಕ್ಸ್ ಎಂಜಿನ್ ಮಾಡುತ್ತಿತ್ತು. ಈಗ ಫೋನ್‌ಗಳಲ್ಲಿ ಬಹುಮಟ್ಟಿಗೆ ಇಂಪೆಲ್ಲರ್ ಎಂಬ ಹೊಸ ಎಂಜಿನ್ ಆ ಜಾಗಕ್ಕೆ ಬಂದಿದೆ. 2015ರಲ್ಲೇ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಆಯಾ ಫೋನಿನ ಸ್ವಂತ ಘಟಕಗಳನ್ನೇ ಬಳಸಿಕೊಳ್ಳುತ್ತದೆ. ಫ್ಲಟರ್‌ನ ದಾರಿಯಿಂದ ಹೊಸಬರಿಗೆ ಆಗುವ ಲಾಭವೆಂದರೆ, ತಮ್ಮ ಫೋನಿನಲ್ಲಿ ಕಂಡ ಪರದೆಯೇ ಹಳೆಯ ಆಂಡ್ರಾಯ್ಡ್ ಇರುವ ಅಗ್ಗದ ಫೋನಿನಲ್ಲೂ ಹಾಗೆಯೇ ಕಾಣುತ್ತದೆ. ನಷ್ಟವೂ ಇದೆ: ಆ್ಯಪಲ್ ತನ್ನ ಐಓಎಸ್ 26ರಲ್ಲಿ ತಂದ ಗಾಜಿನಂಥ ಹೊಸ ವಿನ್ಯಾಸ ಫ್ಲಟರ್‌ನಲ್ಲಿ ಬರೆದ ಆ್ಯಪ್‌ಗೆ ತಾನಾಗಿ ಒದಗಿ ಬರುವುದಿಲ್ಲ.

ಅನುಸ್ಥಾಪನೆಗೆ ಕೈಹಾಕುವ ಮೊದಲು ಡಾರ್ಟ್‌ಪ್ಯಾಡ್ ಎಂಬ ಜಾಲತಾಣವನ್ನು ತೆರೆದು ನೋಡುವುದು ಒಳ್ಳೆಯದು. ಬ್ರೌಸರ್‌ನಲ್ಲಿಯೇ ಫ್ಲಟರ್ ಕೋಡ್ (ಅದರ ಭಾಷೆಯ ಹೆಸರು ಡಾರ್ಟ್) ಬರೆದು, ಪಕ್ಕದಲ್ಲೇ ಫಲಿತಾಂಶ ಕಾಣುವ ವ್ಯವಸ್ಥೆ ಅಲ್ಲಿದೆ; ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಮೊದಲ ಕೆಲವು ಸಂಜೆಗಳನ್ನು ಅಲ್ಲಿಯೇ ಕಳೆದು, ಈ ವಿಧಾನ ತಮಗೆ ಒಗ್ಗುತ್ತದೆ ಎಂದು ಖಾತ್ರಿಯಾದ ಮೇಲೆ ಮುಂದಿನ ಕೆಲಸಕ್ಕೆ ಇಳಿಯಬಹುದು. ಬಹುಪಾಲು ಪಾಠಗಳು ಈ ಕ್ರಮವನ್ನು ತಿರುಗುಮುರುಗು ಮಾಡಿ, ಅನುಸ್ಥಾಪನೆಯಲ್ಲಿಯೇ ಅರ್ಧ ಜನರ ಉತ್ಸಾಹ ಇಂಗಿಹೋಗುವಂತೆ ಮಾಡುತ್ತವೆ.

ಆ ಅನುಸ್ಥಾಪನೆ ನಿಜಕ್ಕೂ ತ್ರಾಸದಾಯಕ. ಫ್ಲಟರ್‌ನ ಸ್ವಂತ ಕಡತಗಳನ್ನು ಇಳಿಸಿಕೊಳ್ಳುವುದು ಸುಲಭ. ಆದರೆ ಅದರ ಜೊತೆಗೆ ಕೋಡ್‌ನ ಆವೃತ್ತಿಗಳ ಲೆಕ್ಕವಿಡುವ ಗಿಟ್, ಆಂಡ್ರಾಯ್ಡ್ ಸ್ಟುಡಿಯೊ, ಆಂಡ್ರಾಯ್ಡ್‌ನ ಎಸ್‌ಡಿಕೆ (ಆ್ಯಪ್ ಕಟ್ಟಲು ಬೇಕಾದ ಸಲಕರಣೆಗಳ ಗುಚ್ಛ), ಕೋಡ್ ಬರೆಯಲು ವಿಎಸ್ ಕೋಡ್‌ನಂಥ ಎಡಿಟರ್, ಇವೆಲ್ಲವೂ ಬೇಕು, ಮತ್ತು ಇವುಗಳ ಆವೃತ್ತಿಗಳು ಪರಸ್ಪರ ಹೊಂದಬೇಕು. ‘ಫ್ಲಟರ್ ಡಾಕ್ಟರ್’ ಎಂಬ ಆಜ್ಞೆ ಇಲ್ಲಿ ನೆರವಿಗೆ ಬರುತ್ತದೆ. ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಅದನ್ನು ಕೊಟ್ಟರೆ ಯಾವುದು ಸರಿಯಿದೆ, ಯಾವುದು ಇಲ್ಲ ಎಂಬುದನ್ನು ಸಾಲುಸಾಲಾಗಿ ತಿಳಿಸಿ, ಅನೇಕ ಸಲ ಪರಿಹಾರವನ್ನೂ ಸೂಚಿಸುತ್ತದೆ. ಆಂಡ್ರಾಯ್ಡ್‌ನ ಕಮಾಂಡ್‌ಲೈನ್ ಸಲಕರಣೆಗಳು ಇಲ್ಲ ಎಂಬ ದೂರು ಹೊಸಬರಿಗೆ ಬಹಳ ಸಾಮಾನ್ಯವಾಗಿ ಎದುರಾಗುವಂಥದ್ದು. ಆಂಡ್ರಾಯ್ಡ್ ಸ್ಟುಡಿಯೊದ ಎಸ್‌ಡಿಕೆ ಮ್ಯಾನೇಜರ್‌ನಲ್ಲಿ ಎಸ್‌ಡಿಕೆ ಟೂಲ್ಸ್ ಎಂಬ ಟ್ಯಾಬ್‌ಗೆ ಹೋಗಿ ಅದನ್ನು ಗುರುತು ಹಾಕಿ ಸೇರಿಸಿಕೊಂಡರೆ ಸಮಸ್ಯೆ ತೀರುತ್ತದೆ. ವಿಂಡೋಸ್ ಬಳಸುವವರು ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್‌ನೊಳಗೆ ಫ್ಲಟರ್ ಇರಿಸಬಾರದು ಎಂಬ ಎಚ್ಚರಿಕೆಯನ್ನು ಓದದೆ ಮುಂದೆ ಸಾಗಬಾರದು.

ಮೊದಲ ಸಲ ಆ್ಯಪ್ ಕಟ್ಟುವಾಗ ಗ್ರೇಡಲ್ ಎಂಬ ಸಲಕರಣೆ ಅಂತರ್ಜಾಲದಿಂದ ಬಹಳಷ್ಟು ಕಡತಗಳನ್ನು ತರಿಸಿಕೊಳ್ಳುತ್ತದೆ. ಪರದೆಯ ಮೇಲೆ ಏನೂ ಅಲುಗಾಡದೆ ಹಲವು ನಿಮಿಷಗಳು ಕಳೆಯುತ್ತವೆ. ಮೊಬೈಲ್ ಡೇಟಾದ ಹಾಟ್‌ಸ್ಪಾಟ್ ನಂಬಿ ಕುಳಿತವರ ದಿನದ ಡೇಟಾ ಅಲ್ಲಿಗೇ ಮುಗಿದರೂ ಆಶ್ಚರ್ಯವಿಲ್ಲ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ (ಕಂಪ್ಯೂಟರಿನೊಳಗಿನ ಅಣಕು ಫೋನ್) ಓಡಿಸುವ ಸಾಹಸ ಬೇಡ. ನಿಜವಾದ ಫೋನನ್ನೇ ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿದರೆ ಕೆಲಸವೂ ಹಗುರ, ಫಲಿತಾಂಶವೂ ನಂಬಿಕೆಗೆ ಅರ್ಹ. (ಎಷ್ಟು ಮಾಡಿದರೂ ಫೋನ್ ಪಟ್ಟಿಯಲ್ಲಿ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು, ಚಾರ್ಜ್ ಮಾತ್ರ ಮಾಡುವ ಕೇಬಲ್‌ಗಳು ಮನೆಗಳಲ್ಲಿ ಧಾರಾಳವಾಗಿವೆ.)

ಈ ಹೊಸ್ತಿಲು ದಾಟಿದ ಮೇಲೆ ಚಿತ್ರವೇ ಬದಲಾಗುತ್ತದೆ. ‘ಫ್ಲಟರ್ ಕ್ರಿಯೇಟ್’ ಆಜ್ಞೆ ಕೊಟ್ಟೊಡನೆ, ಗುಂಡಿ ಒತ್ತಿದಷ್ಟು ಸಲ ಸಂಖ್ಯೆ ಹೆಚ್ಚುವ ಒಂದು ಪುಟ್ಟ ಆ್ಯಪ್ ಸಿದ್ಧವಾಗಿ ಸಿಗುತ್ತದೆ. ಅದನ್ನು ಫೋನಿನಲ್ಲಿ ತೆರೆದು, ಗುಂಡಿಯನ್ನು ಕೆಲವು ಸಲ ಒತ್ತಿ, ಬಳಿಕ ಕೋಡ್‌ನಲ್ಲಿ ಬಣ್ಣವನ್ನು ಬದಲಿಸಿ ಉಳಿಸಿದರೆ, ಕ್ಷಣಾರ್ಧದಲ್ಲಿ ಫೋನಿನ ಪರದೆಯ ಬಣ್ಣ ಬದಲಾಗುತ್ತದೆ. ಸಂಖ್ಯೆ ಮಾತ್ರ ಸೊನ್ನೆಗೆ ಮರಳದೆ ಇದ್ದಲ್ಲಿಯೇ ಇರುತ್ತದೆ. ಹಾಟ್ ರೀಲೋಡ್ ಎಂದು ಕರೆಯಲಾಗುವ ಈ ಸೌಲಭ್ಯವೇ ನನ್ನ ದೃಷ್ಟಿಯಲ್ಲಿ ಫ್ಲಟರ್‌ನ ಅತಿದೊಡ್ಡ ಶಿಕ್ಷಕ. ಆ್ಯಪ್ ಅಭಿವೃದ್ಧಿಯ ಹಂತದಲ್ಲಿರುವಾಗ ಡಾರ್ಟ್ ಭಾಷೆಯ ಕೋಡ್ ನಡೆಯುತ್ತಿರುವಾಗಲೇ ಯಂತ್ರಭಾಷೆಗೆ ಭಾಷಾಂತರಗೊಳ್ಳುವುದರಿಂದ, ಬದಲಾದ ಭಾಗವನ್ನಷ್ಟೇ ಒಳಸೇರಿಸಿ ಪರದೆಯನ್ನು ಮತ್ತೆ ಬಿಡಿಸಲು ಸಾಧ್ಯವಾಗುತ್ತದೆ. ಬಿಡುಗಡೆಯ ಆವೃತ್ತಿಯಲ್ಲಿ ಅದೇ ಕೋಡ್ ಮುಂಚಿತವಾಗಿಯೇ ಯಂತ್ರಭಾಷೆಗೆ ಇಳಿದಿರುತ್ತದೆ. ತಪ್ಪು ಮಾಡಿದರೆ ಏನಾಗುತ್ತದೆ ಎಂಬುದನ್ನು ನೋಡಲು ಹೆದರಬೇಕಿಲ್ಲದ ಕಾರಣ, ಕಲಿಯುವವರು ಹೆಚ್ಚು ಪ್ರಯೋಗಗಳಿಗೆ ಕೈಹಾಕುತ್ತಾರೆ. ಆದರೆ ಆ್ಯಪ್ ಶುರುವಾಗುವಾಗ ಒಮ್ಮೆ ಮಾತ್ರ ನಡೆಯುವ ಕೋಡ್‌ನಲ್ಲಿ ಮಾಡಿದ ಬದಲಾವಣೆ ಹೀಗೆ ಕಾಣಿಸಿಕೊಳ್ಳುವುದಿಲ್ಲ, ಆಗ ಆ್ಯಪ್ ಅನ್ನು ಮೊದಲಿನಿಂದ ಶುರು ಮಾಡುವ ಹಾಟ್ ರೀಸ್ಟಾರ್ಟ್ ಬೇಕು. ಅಭಿವೃದ್ಧಿ ಹಂತದ ಆ್ಯಪ್ ನಿಧಾನವಾಗಿದೆ, ಗಾತ್ರವೂ ದೊಡ್ಡದು ಎಂದು ಯಾರಾದರೂ ಫ್ಲಟರ್ ಮೇಲೆ ತೀರ್ಪು ಕೊಟ್ಟರೆ ಅದು ಅನ್ಯಾಯ. ವೇಗ ಮತ್ತು ಗಾತ್ರವನ್ನು ಬಿಡುಗಡೆ ಆವೃತ್ತಿಯಲ್ಲಿಯೇ ಅಳೆಯಬೇಕು.

ಡಾರ್ಟ್ ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2011ರಲ್ಲಿ ಗೂಗಲ್ ಪ್ರಕಟಿಸಿದ ಈ ಭಾಷೆ ಜಾವಾ ಅಥವಾ ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಒಂದು ವಾರದಲ್ಲಿ ಕೈಗೆ ಹತ್ತುವಂಥದ್ದು. 2023ರ ಡಾರ್ಟ್ 3ರಿಂದ ನಲ್ ಸೇಫ್ಟಿ ಕಡ್ಡಾಯವಾಗಿದೆ: ಒಂದು ಚರಾಂಶ ಖಾಲಿಯಾಗಿರಬಹುದೇ ಇಲ್ಲವೇ ಎಂಬುದನ್ನು ಮೊದಲೇ ಘೋಷಿಸಬೇಕು, ಇಲ್ಲದಿದ್ದರೆ ಕೋಡ್ ಮುಂದೆ ಸಾಗುವುದಿಲ್ಲ. ಆರಂಭದಲ್ಲಿ ಇದು ಕಿರಿಕಿರಿ ಎನಿಸುತ್ತದೆ. ಆ್ಯಪ್ ಬಳಕೆದಾರರ ಕೈಯಲ್ಲಿ ದಿಢೀರನೆ ನಿಂತುಹೋಗುವುದಕ್ಕಿಂತ ಈ ಕಿರಿಕಿರಿಯೇ ಮೇಲು.

ನಿಜವಾದ ಕಷ್ಟ ಇರುವುದು ವಿನ್ಯಾಸದಲ್ಲಿ. ಫ್ಲಟರ್‌ನಲ್ಲಿ ಅಕ್ಷರ, ಚಿತ್ರ, ಅಂಚಿನ ಖಾಲಿ ಜಾಗ, ಎಲ್ಲವೂ ವಿಜೆಟ್. ಒಂದರೊಳಗೊಂದು ಸೇರಿ ಮರದಂತೆ ಕವಲೊಡೆಯುತ್ತವೆ. ತಾಯಿ ವಿಜೆಟ್ ತನ್ನ ಮಕ್ಕಳಿಗೆ ಇಷ್ಟರೊಳಗೆ ಇರಿ ಎಂದು ಮಿತಿ ಹಾಕುತ್ತದೆ, ಮಕ್ಕಳು ಆ ಮಿತಿಯೊಳಗೆ ತಮ್ಮ ಗಾತ್ರ ನಿರ್ಧರಿಸಿ ತಿಳಿಸುತ್ತವೆ, ಯಾವುದು ಎಲ್ಲಿ ಕೂರಬೇಕೆಂಬುದನ್ನು ಮತ್ತೆ ತಾಯಿಯೇ ತೀರ್ಮಾನಿಸುತ್ತದೆ. ಈ ನಿಯಮವನ್ನು ಅರಗಿಸಿಕೊಳ್ಳದೆ ಕಾಲಮ್ ಎಂಬ ವಿಜೆಟ್‌ನೊಳಗೆ ಸ್ಕ್ರಾಲ್ ಆಗುವ ಪಟ್ಟಿಯನ್ನು ಇಟ್ಟರೆ ದೀರ್ಘವಾದ ದೋಷಸಂದೇಶ ಬರುತ್ತದೆ. ಸಾಲಿನಲ್ಲಿ ಜಾಗ ಸಾಲದಿದ್ದರೆ ಪರದೆಯ ಅಂಚಿನಲ್ಲಿ ಹಳದಿ ಮತ್ತು ಕಪ್ಪು ಪಟ್ಟೆಗಳು ಮೂಡಿ, ಎಷ್ಟು ಪಿಕ್ಸೆಲ್ ಹೊರಗೆ ಚೆಲ್ಲಿದೆ ಎಂಬ ಲೆಕ್ಕವನ್ನೂ ಕೊಡುತ್ತವೆ. ಸಂದೇಶಗಳು ಉದ್ದವಾದರೂ ಪೊಳ್ಳಲ್ಲ. ಅವುಗಳನ್ನು ಕೊನೆಯವರೆಗೆ ಓದುವ ಅಭ್ಯಾಸ ಮಾಡಿಕೊಂಡವರಿಗೆ ಹೊರಗಿನ ಸಹಾಯ ಬೇಕಾಗುವುದು ವಿರಳ.

ಹೊಸಬರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಹಳಸಿದ ಪಾಠಗಳು. ರೈಸ್ಡ್‌ಬಟನ್, ಫ್ಲ್ಯಾಟ್‌ಬಟನ್ ಎಂಬ ವಿಜೆಟ್‌ಗಳನ್ನು ಕಲಿಸುವ ವಿಡಿಯೊಗಳು ಇಂದಿಗೂ ಹುಡುಕಾಟದಲ್ಲಿ ಸಿಗುತ್ತವೆ. ಆ ವಿಜೆಟ್‌ಗಳನ್ನು ತೆಗೆದುಹಾಕಿ ವರ್ಷಗಳೇ ಆಗಿವೆ, ಅವುಗಳ ಜಾಗದಲ್ಲಿ ಎಲಿವೇಟೆಡ್‌ಬಟನ್ ಮತ್ತು ಟೆಕ್ಸ್ಟ್‌ಬಟನ್ ಇವೆ. 2021ಕ್ಕಿಂತ ಹಿಂದಿನ ಕೋಡ್ ನಲ್ ಸೇಫ್ಟಿಯ ಕಾರಣ ಬಹುಮಟ್ಟಿಗೆ ನಡೆಯುವುದೇ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ಫ್ಲಟರ್ 3.16 ಆವೃತ್ತಿಯಿಂದ ಗೂಗಲ್‌ನ ಮೆಟೀರಿಯಲ್ 3 ವಿನ್ಯಾಸ ತಾನಾಗಿಯೇ ಬರುವುದರಿಂದ, ಪಾಠದಲ್ಲಿ ಕಂಡ ಪರದೆಗೂ ತಮ್ಮ ಪರದೆಗೂ ಹೊಂದಾಣಿಕೆ ಇಲ್ಲದೆ ಕಲಿಯುವವರು ತಾವೇ ಏನೋ ತಪ್ಪಿದ್ದೇವೆ ಎಂದುಕೊಳ್ಳುತ್ತಾರೆ. ಅಧಿಕೃತ ದಸ್ತಾವೇಜು ಮತ್ತು ಅಲ್ಲಿನ ಕೋಡ್‌ಲ್ಯಾಬ್‌ಗಳು (ಹಂತಹಂತದ ಅಭ್ಯಾಸಪಾಠಗಳು) ಇಂಗ್ಲಿಷಿನಲ್ಲಿದ್ದರೂ ಅಚ್ಚುಕಟ್ಟಾಗಿವೆ. ಮೊದಲ ತಿಂಗಳು ಅವುಗಳಾಚೆಗೆ ಹೋಗುವ ಅಗತ್ಯವಿಲ್ಲ. ಆ್ಯಪ್‌ನಲ್ಲಿ ಬದಲಾಗುತ್ತಿರುವ ಮಾಹಿತಿಯನ್ನು ನಿಭಾಯಿಸುವ ಪ್ಯಾಕೇಜ್‌ಗಳಾದ ಪ್ರೊವೈಡರ್, ರಿವರ್‌ಪಾಡ್, ಬ್ಲಾಕ್, ಗೆಟ್‌ಎಕ್ಸ್ ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಮುಗಿಯದ ವಾದದಿಂದಲೂ ದೂರವಿರಬಹುದು. ಎರಡು ಮೂರು ಪರದೆಗಳ ಆ್ಯಪ್‌ಗೆ ಫ್ಲಟರ್‌ನೊಳಗೇ ಇರುವ ಸೆಟ್‌ಸ್ಟೇಟ್ ಸಾಕು.

ಕನ್ನಡದ ಆ್ಯಪ್ ಮಾಡಬೇಕೆಂದು ಹೊರಟವರಿಗೆ ಫ್ಲಟರ್ ಬಹುಪಾಲು ನೆಮ್ಮದಿ ಕೊಡುತ್ತದೆ. ಅಕ್ಷರಜೋಡಣೆಗೆ ಹಾರ್ಫ್‌ಬಝ್ ಎಂಬ ತಂತ್ರಾಂಶವನ್ನು ತನ್ನೊಡನೆಯೇ ಒಯ್ಯುವುದರಿಂದ ಒತ್ತಕ್ಷರ, ಗುಣಿತಾಕ್ಷರಗಳು ಸರಿಯಾಗಿ ಮೂಡುತ್ತವೆ. ಅನುವಾದಗಳಿಗೆ ಎಆರ್‌ಬಿ ಎಂಬ, ಭಾಷೆಗೊಂದರಂತೆ ಪಠ್ಯ ಇರಿಸುವ ಕಡತಗಳ ವ್ಯವಸ್ಥೆ ಇದೆ. ದಿನಾಂಕ ಆರಿಸುವ ಪರದೆಯಂಥ ಸಿದ್ಧ ವಿಜೆಟ್‌ಗಳ ಕನ್ನಡ ಪಠ್ಯ ಫ್ಲಟರ್‌ನ ಜೊತೆಗೇ ಬರುತ್ತದೆ. ಆದರೂ ಕೆಲವು ಕಡೆ ಎಚ್ಚರ ಬೇಕು. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಡಾರ್ಟ್ 5 ಎನ್ನುತ್ತದೆ, ಏಕೆಂದರೆ ಅದು ಒಳಗಿನ ಯುನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಕ್ಯಾರೆಕ್ಟರ್ಸ್ ಎಂಬ ಪ್ಯಾಕೇಜ್ ಬಳಸಿದರೂ ಒತ್ತಕ್ಷರವನ್ನು ಒಡೆದು 4 ಎಂದು ಲೆಕ್ಕ ಹಾಕುತ್ತದೆ, ಓದುವವರ ಕಣ್ಣಿಗೆ ಕಾಣುವ 3 ಅಕ್ಷರಗಳು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಪದಬಂಧವನ್ನೋ ಮಕ್ಕಳ ಕಾಗುಣಿತದ ಆಟವನ್ನೋ ಮಾಡುವವರು ಅಕ್ಷರ ಬಿಡಿಸುವ ಕೋಡನ್ನು ತಾವೇ ಬರೆದುಕೊಳ್ಳಬೇಕಾಗುತ್ತದೆ. ಫಾಂಟ್ ವಿಷಯದಲ್ಲಿ ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಆ್ಯಪ್‌ನೊಳಗೇ ಸೇರಿಸುವುದು ಲೇಸು. ಗೂಗಲ್ ಫಾಂಟ್ಸ್ ಪ್ಯಾಕೇಜ್ ಅದನ್ನು ಸಾಮಾನ್ಯವಾಗಿ ಆ್ಯಪ್ ನಡೆಯುವಾಗ ಅಂತರ್ಜಾಲದಿಂದ ತರಿಸುತ್ತದೆ, ಸಂಪರ್ಕ ಇಲ್ಲದ ಊರಿನಲ್ಲಿ ಅದು ಉಪಯೋಗಕ್ಕೆ ಬಾರದು. ಫ್ಲಟರ್‌ನ ವೆಬ್ ರೂಪದಲ್ಲಿಯೂ ಫಾಂಟ್ ಬರುವವರೆಗೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣಬಹುದು. ಪಠ್ಯವೇ ಮುಖ್ಯವಾದ ಜಾಲತಾಣಕ್ಕೆ ಹೇಗೂ ಫ್ಲಟರ್ ತಕ್ಕ ಆಯ್ಕೆಯಲ್ಲ.

ಗೂಗಲ್ ತನ್ನ ಯೋಜನೆಗಳನ್ನು ನಡುದಾರಿಯಲ್ಲಿ ಕೈಬಿಡುತ್ತದೆ ಎಂಬ ಆತಂಕ ಹಲವರಲ್ಲಿದೆ. 2024ರಲ್ಲಿ ಫ್ಲಟರ್ ಮತ್ತು ಡಾರ್ಟ್ ತಂಡಗಳಲ್ಲಿ ಉದ್ಯೋಗ ಕಡಿತವಾದಾಗ ಅದು ಇನ್ನಷ್ಟು ಹೆಚ್ಚಿತು. ಆ ಬಳಿಕವೂ ಹೊಸ ಆವೃತ್ತಿಗಳು ಬರುತ್ತಲೇ ಇವೆ, ಗೂಗಲ್ ಪೇ ಮತ್ತು ಬಿಎಂಡಬ್ಲ್ಯೂ ಸಂಸ್ಥೆಯ ಆ್ಯಪ್ ಇದರಲ್ಲಿಯೇ ಬರೆಯಲ್ಪಟ್ಟಿವೆ. ಕಲಿಕೆಗೆ ತೊಡಗುವವರು ಈ ಆತಂಕಕ್ಕೆ ಹಿಂಜರಿಯಬೇಕಾಗಿಲ್ಲ ಎಂಬುದು ನನ್ನ ನಿಲುವು, ಏಕೆಂದರೆ ಇಲ್ಲಿ ರೂಢಿಯಾಗುವ ಆಲೋಚನಾಕ್ರಮ ಪರದೆ ಕಟ್ಟುವ ಸಾಧನಗಳಾದ ಆಂಡ್ರಾಯ್ಡ್‌ನ ಜೆಟ್‌ಪ್ಯಾಕ್ ಕಂಪೋಸ್ ಮತ್ತು ಆ್ಯಪಲ್‌ನ ಸ್ವಿಫ್ಟ್‌ಯುಐ ಎರಡಕ್ಕೂ ಹತ್ತಿರದ್ದು.

ಖರ್ಚಿನ ಮಾತು ಬಾಕಿ ಇದೆ. ಫ್ಲಟರ್ ಉಚಿತವಾದರೂ ಐಫೋನ್ ಆ್ಯಪ್ ಕಟ್ಟಲು ಆ್ಯಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಬೇಕು, ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು; ಬಾಡಿಗೆಗೆ ಸಿಗುವ ಕ್ಲೌಡ್ ಸೇವೆಗಳೂ ಮ್ಯಾಕ್ ಯಂತ್ರದ ಮೇಲೆಯೇ ಈ ಕೆಲಸ ಮಾಡುತ್ತವೆ. ಆ್ಯಪ್ ಸ್ಟೋರ್‌ನಲ್ಲಿ ಪ್ರಕಟಿಸಲು ವರ್ಷಕ್ಕೆ 99 ಡಾಲರ್ ಶುಲ್ಕ ಬೇರೆ. ಗೂಗಲ್ ಪ್ಲೇ ಸ್ಟೋರ್‌ನ ನೋಂದಣಿಗೆ ಒಂದೇ ಬಾರಿ 25 ಡಾಲರ್ ಸಾಕು, ಆದರೆ 2023ರ ನವೆಂಬರ್ ಮಧ್ಯದ ಬಳಿಕ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಅರ್ಜಿ ಹಾಕುವ ಮೊದಲು ಕನಿಷ್ಠ 12 ಮಂದಿ ಪರೀಕ್ಷಕರನ್ನು ಹೊಂದಿಸಿ, ಅವರು ಸತತ 14 ದಿನ ಪರೀಕ್ಷೆಯಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು. ಆದ್ದರಿಂದ ಗೆಳೆಯರ, ನೆಂಟರ ಪಟ್ಟಿಯನ್ನು ಆ್ಯಪ್ ಮುಗಿಯುವ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವುದು ಒಳಿತು.