ಪರದೆ ಆರಿತು, ಹಬ್ ಸತ್ತಿತು: ಆಕ್ಸ್ ಕಡತಕ್ಕೆ ನೇರವಾಗಿ ಬರೆಯುವವರ ಗಮನಕ್ಕೆ

ಲಿನಕ್ಸ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಹಬ್‌ನ ಫರ್ಮ್‌ವೇರನ್ನು, ಎಂದರೆ ಅದರೊಳಗಿನ ತಂತ್ರಾಂಶವನ್ನು, ಸ್ವಂತ ಸ್ಕ್ರಿಪ್ಟಿನಿಂದ ನವೀಕರಿಸಲು ಹೊರಟವರು, ಅದಕ್ಕಾಗಿ ಹಬ್‌ನೊಡನೆ ಮಾತಾಡಲು ಬಳಸುವ ಆಕ್ಸ್ ಸಾಧನ ಕಡತದ ಅನುಮತಿಯನ್ನು ಸಡಿಲಿಸಬೇಕೆಂದಿರುವವರು, ದಯವಿಟ್ಟು ಇದನ್ನು ಓದಿಯೇ ಮುಂದುವರಿಯಬೇಕು. ನಾನು ಎರಡನ್ನೂ ಮಾಡಿದೆ. ಒಂದೇ ಡಿಸ್‌ಪ್ಲೇಪೋರ್ಟ್ ಕೇಬಲಿನಿಂದ ಮೂರು ಮಾನಿಟರುಗಳನ್ನು ನಡೆಸುತ್ತಿದ್ದ ಎಂಎಸ್‌ಟಿ ಹಬ್ಬನ್ನು ಕಳೆದುಕೊಂಡೆ.

ಡಿಸ್‌ಪ್ಲೇಪೋರ್ಟ್ ಕೇಬಲಿನಲ್ಲಿ ಚಿತ್ರ ಸಾಗಿಸುವ ಲೇನುಗಳ ಜೊತೆಗೆ ಆಕ್ಸ್ ಎಂಬ ಕಿರಿದಾದ ಮಾರ್ಗವೊಂದಿದೆ. ಅದರ ವೇಗ ಸೆಕೆಂಡಿಗೆ ಸುಮಾರು 1 ಮೆಗಾಬಿಟ್. ಒಂದು ಸಲಕ್ಕೆ ಒಂದೇ ದಿಕ್ಕಿನ ಮಾತು, ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 16 ಬೈಟ್. ಗ್ರಾಫಿಕ್ಸ್ ಡ್ರೈವರ್ ಈ ಮಾರ್ಗದಲ್ಲೇ ಹಬ್‌ನ ಡಿಪಿಸಿಡಿ ರಿಜಿಸ್ಟರುಗಳನ್ನು, ಎಂದರೆ ಅದರ ಸಾಮರ್ಥ್ಯ, ಸ್ಥಿತಿ, ಆಯ್ಕೆಗಳನ್ನು ಹಿಡಿದಿಡುವ ಪುಟ್ಟ ಸಂಖ್ಯಾ ಗೂಡುಗಳನ್ನು, ಓದಿ ಬರೆದು, ಲಿಂಕಿನ ವೇಗ, ಲೇನುಗಳ ಸಂಖ್ಯೆ, ವಿದ್ಯುತ್ ಸ್ಥಿತಿ ಎಲ್ಲವನ್ನೂ ನಿಗದಿಪಡಿಸುತ್ತದೆ. 2016ರ 4.6 ಕರ್ನಲ್ಲಿನಿಂದ ಈಚೆಗೆ, ಸಂಬಂಧಪಟ್ಟ ಆಯ್ಕೆಯನ್ನು ಕರ್ನಲ್ ಕಟ್ಟುವಾಗ ಸೇರಿಸಿದ್ದರೆ, ಈ ಇಡೀ ವಿಳಾಸ ವಲಯ ಡೆವ್ ಕೋಶದಲ್ಲಿ ಒಂದು ಕಡತವಾಗಿ ಯೂಸರ್‌ಸ್ಪೇಸಿಗೆ, ಎಂದರೆ ಕರ್ನಲ್ಲಿನ ಹೊರಗಿನ ಪ್ರೋಗ್ರಾಂಗಳಿಗೆ, ದೊರೆಯುತ್ತದೆ. ದೋಷ ಹುಡುಕುವವರಿಗೆ ಇದು ನಿಜಕ್ಕೂ ವರದಾನ: ಹೆಕ್ಸ್ (ಹದಿನಾರರ ಎಣಿಕೆಯ) 500ನೆಯ ವಿಳಾಸದಿಂದ ಮೂರು ಬೈಟ್ ಓದಿದರೆ ಹಬ್ ತಯಾರಕರ ಗುರುತು, 50ಎ ಮತ್ತು 50ಬಿಯಲ್ಲಿ ಫರ್ಮ್‌ವೇರ್ ಆವೃತ್ತಿ ಸಿಗುತ್ತದೆ. ನನ್ನ ಕೆಲಸ ಓದುವುದಕ್ಕೇ ನಿಂತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಪ್ರತಿ ಸಲ ಸೂಡೋ ಹಾಕಿ ರೂಟ್ ಹಕ್ಕು ಪಡೆಯುವ ಬೇಸರಕ್ಕೆ, ಸರ್ವಾಧಿಕಾರದ ರೂಟ್ ಬಳಕೆದಾರ ಒಬ್ಬನಿಗೇ ತೆರೆದಿದ್ದ ಆ ಕಡತವನ್ನು, ಸಾಧನ ಕಡತಗಳ ಅನುಮತಿ ನಿರ್ಧರಿಸುವ ಯೂಡೆವ್ ನಿಯಮವೊಂದರಿಂದ ವಿಡಿಯೊ ಗುಂಪಿನ ಎಲ್ಲರಿಗೂ ಬರೆಯುವ ಹಕ್ಕಿನೊಂದಿಗೆ ಬಿಟ್ಟುಕೊಟ್ಟೆ. ಆ ಗುಂಪಿನಲ್ಲಿರುವ ಯಾರ ಯಾವ ಪ್ರೋಗ್ರಾಂ ಬೇಕಾದರೂ ಹಬ್‌ನ ಯಾವ ರಿಜಿಸ್ಟರಿಗಾದರೂ ಕೈಹಾಕಬಹುದೆಂದು ಇದರ ಅರ್ಥ. ಇದು ನನಗೆ ಹೊಳೆಯದ ಸಂಗತಿಯೇನಲ್ಲ. ಸೋಮಾರಿತನ ಗೆದ್ದಿತು, ಅಷ್ಟೆ.

ಫರ್ಮ್‌ವೇರ್ ಕಡತ 512 ಕಿಲೋಬೈಟ್ ಇತ್ತು. 16 ಬೈಟ್‌ಗಳಂತೆ ಹಂಚಿದರೆ 32,768 ಬರವಣಿಗೆಗಳು. ಪ್ರತಿಯೊಂದಕ್ಕೂ ತಯಾರಕರ ಸ್ವಂತ ರಿಜಿಸ್ಟರುಗಳಲ್ಲಿ ಮೊದಲು ಆಫ್‌ಸೆಟ್, ಆಮೇಲೆ ದತ್ತಾಂಶ, ಆಮೇಲೆ ಆದೇಶ ಇಟ್ಟು, ಕೆಲಸ ಮುಗಿಯಿತೇ ಎಂದು ಸ್ಥಿತಿ ರಿಜಿಸ್ಟರನ್ನು ಮತ್ತೆ ಮತ್ತೆ ಕೇಳಬೇಕು. ಹಬ್‌ನ ಫರ್ಮ್‌ವೇರ್ ಕೂರುವ ಫ್ಲ್ಯಾಶ್ ಮೆಮೊರಿಯನ್ನು ಅಳಿಸುವುದು ಸುಸೂತ್ರವಾಗಿ ಮುಗಿಯಿತು. ಪ್ರಗತಿಯ ಅಂಕಿ ನಿಧಾನವಾಗಿ ಏರುತ್ತಿತ್ತು. ನಾನು ಕೀಲಿಮಣೆ ಮುಟ್ಟದೆ, ಕೈಕಟ್ಟಿಕೊಂಡು ನೋಡುತ್ತ ಕುಳಿತಿದ್ದೆ. ಶೇಕಡಾ 61 ತೋರಿಸುತ್ತಿದ್ದಾಗ ಮೂರೂ ಪರದೆಗಳು ಒಟ್ಟಿಗೆ ಕಪ್ಪಾದವು. ಮೌಸ್ ಅಲುಗಾಡಿಸಿದೆ. ಏನೂ ಬರಲಿಲ್ಲ. ಹಬ್‌ನ ದೀಪ ಮಾತ್ರ ಎಂದಿನಂತೆ ಉರಿಯುತ್ತಿತ್ತು.

ಇನ್ನೊಂದು ಯಂತ್ರದಿಂದ ಒಳಹೊಕ್ಕು ಕರ್ನಲ್ ಲಾಗ್ ನೋಡಿದಾಗ ಕಾರಣ ಎದುರಿಗೇ ಇತ್ತು. ಹತ್ತು ನಿಮಿಷ ಯಾರೂ ಏನೂ ಮುಟ್ಟದ ಕಾರಣ ಡೆಸ್ಕ್‌ಟಾಪ್ ಪರದೆಗಳನ್ನು ಆರಿಸಿತ್ತು. ಅದರಂತೆ ಡ್ರೈವರ್ ಹೆಕ್ಸ್ 600ನೆಯ ರಿಜಿಸ್ಟರಿನಲ್ಲಿ 2 ಎಂದು ಬರೆದು, ಅರ್ಧ ಅಳಿದು ಅರ್ಧ ಬರೆದ ಫ್ಲ್ಯಾಶ್ ಹೊತ್ತಿದ್ದ ಹಬ್ಬನ್ನು ಮಲಗಿಸಿತ್ತು. ಅಲ್ಲಿಂದ ಮುಂದಿನ ಸಾಲುಗಳೆಲ್ಲ ಉತ್ತರ ಬಾರದೆ ಸಮಯ ಮೀರಿದ ಆಕ್ಸ್ ವ್ಯವಹಾರಗಳೇ. ವಿದ್ಯುತ್ ತೆಗೆದು ಹಾಕಿದ ಮೇಲೆ ಸೊನ್ನೆಯ ವಿಳಾಸ ಕೂಡ ಓದಲು ಸಿಗಲಿಲ್ಲ.

ಡ್ರೈವರಿನದು ತಪ್ಪೆಂದು ನಾನು ಹೇಳುವುದಿಲ್ಲ. ಅದಕ್ಕೆ ಗೊತ್ತಿದ್ದುದು ಒಂದೇ: ಪರದೆ ಬೇಡವಾಗಿದೆ. ಆಕ್ಸ್ ಕಡತವನ್ನು ಯಾರೋ ತೆರೆದಿದ್ದಾರೆ ಎಂಬುದು ಪರದೆ ಆರಿಸುವ ನಿರ್ಧಾರಕ್ಕೆ ಅಡ್ಡಬರುವುದಿಲ್ಲ, ಆ ಕಡತಕ್ಕೆ ಬರೆಯುವುದು ಬಳಕೆದಾರರ ಚಟುವಟಿಕೆಯೆಂದು ಲೆಕ್ಕಕ್ಕೆ ಬರುವುದೂ ಇಲ್ಲ. ಕರ್ನಲ್ಲಿನೊಳಗಿನ ಬೀಗ ಒಂದೊಂದು ವ್ಯವಹಾರವನ್ನು ಕಾಯುತ್ತದೆಯೇ ಹೊರತು, ಆಫ್‌ಸೆಟ್, ದತ್ತಾಂಶ, ಆದೇಶ ಎಂಬ ಸರಣಿಯನ್ನು ಒಂದೇ ಕೆಲಸವೆಂದು ಅರಿಯದು. ಹೀಗಾಗಿ ಎರಡು ವ್ಯವಹಾರಗಳ ನಡುವೆ ಡ್ರೈವರ್ ತನ್ನ ಮಾತನ್ನು ತೂರಿಸಲು ಯಾವ ತಡೆಯೂ ಇಲ್ಲ. ಒಂದೇ ತಂತಿಗೆ ಇಬ್ಬರು ಯಜಮಾನರು, ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲ.

ನಿಮ್ಮ ಹಬ್‌ಗೆ ಲಿನಕ್ಸ್‌ನ ಫರ್ಮ್‌ವೇರ್ ನವೀಕರಣ ಸೇವೆಯಾದ ಎಫ್‌ಡಬ್ಲ್ಯುಯುಪಿಡಿ ಬೆಂಬಲವಿದ್ದರೆ ಸ್ವಂತ ಸ್ಕ್ರಿಪ್ಟನ್ನು ಮರೆತುಬಿಡಿ. ಅದು ಕೂಡ ಕೆಲವು ಎಂಎಸ್‌ಟಿ ಹಬ್‌ಗಳಿಗೆ ಇದೇ ಆಕ್ಸ್ ಕಡತವನ್ನೇ ಬಳಸುತ್ತದೆ. ಆದರೆ ರೂಟ್ ಹಕ್ಕಿನ ಒಂದೇ ಸೇವೆಯಾಗಿ ನಡೆದು, ಸಾಧನವನ್ನು ಗುರುತಿಸಿ, ಅದಕ್ಕೆ ಹೊಂದುವ ಫರ್ಮ್‌ವೇರ್ ಹೌದೇ ಎಂದು ನೋಡಿ ಬರೆಯುತ್ತದೆ. ಬೆಂಬಲವಿಲ್ಲದೆ, ಬರೆಯಲೇಬೇಕಾದ ಪ್ರಸಂಗ ಬಂದರೆ, ಪರದೆ ಆರುವುದನ್ನೂ ಯಂತ್ರ ನಿದ್ರಿಸುವುದನ್ನೂ ಮೊದಲೇ ನಿಲ್ಲಿಸಿ, ಹಳೆಯ ಫ್ಲ್ಯಾಶ್‌ನ ಪ್ರತಿಯನ್ನು ಓದಿಟ್ಟುಕೊಳ್ಳಿ. ಕಡತದ ಹೆಸರಿನ ಕೊನೆಯ ಅಂಕಿಯನ್ನು ನಂಬಬೇಡಿ, ಅದು ಮುಂದಿನ ಸಲ ಬೇರೆ ಕನೆಕ್ಟರಿಗೆ ಸೇರಿರಬಹುದು. ಬರೆಯುವ ಮುನ್ನ ಹೆಕ್ಸ್ 500 ಓದಿ ಎದುರಿಗಿರುವುದು ಯಾವ ಹಬ್ ಎಂದು ಖಚಿತಪಡಿಸಿಕೊಳ್ಳಿ.

ನನ್ನ ಬಳಿ ಹಳೆಯ ಪ್ರತಿ ಇರಲಿಲ್ಲ. ಯೂಡೆವ್ ನಿಯಮವನ್ನು ಅಳಿಸಿದ್ದೇನೆ. ಹಬ್‌ನ ಮುಚ್ಚಳ ಬಿಚ್ಚಿದೆ. ಎಂಟು ಕಾಲಿನ ಫ್ಲ್ಯಾಶ್ ಚಿಪ್ ಕ್ಲಿಪ್ ಹಾಕಲು ಎಟುಕುವಂತಿದೆ. ಅದೇ ಮಾದರಿಯ ಇನ್ನೊಂದು ಹಬ್ ಕೈಗೆ ಬಂದರೆ ಅದರ ಫ್ಲ್ಯಾಶನ್ನು ಓದಿ ಇದಕ್ಕೆ ಬರೆದು ನೋಡುವವನಿದ್ದೇನೆ, ಈ ಸಲ ಆಕ್ಸ್ ಮೂಲಕವಲ್ಲ.