ಕಾರಿನಲ್ಲಿ 612 ಕೇಳಿಸಬೇಕೆ? ಕಡ್ಡಿ ಆಂಟೆನಾ, ಗಿಡ್ಡ ಆಂಟೆನಾ, ಬೂಸ್ಟರ್: ಯಾವುದು ಕೊಳ್ಳಬೇಕು

ಎಎಂ, ಅಂದರೆ ಮೀಡಿಯಂ ವೇವ್ ಸ್ಟೇಷನ್ನುಗಳಾದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಆಗಲಿ, ಧಾರವಾಡದ 765 ಆಗಲಿ, ಮನೆಯ ಟ್ರಾನ್ಸಿಸ್ಟರಿನಲ್ಲಿ ಚೆನ್ನಾಗಿ ಬಂದು ಕಾರಿನಲ್ಲಿ ಮಾತ್ರ ಗೊರಗೊರ ಎನ್ನುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಆಂಟೆನಾವನ್ನು, ಸ್ಟೀರಿಯೊವನ್ನಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲಿ ದುಡ್ಡು ಕೊಡಬಹುದಾದ್ದು ಒಂದೇ: ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಅಥವಾ ಮುಂದಿನ ಪಿಲ್ಲರ್ (ಮುಂಗಾಜಿನ ಪಕ್ಕದ ಕಂಬ) ಮೇಲೆ ಕೂರಿಸುವ, ಎಳೆದರೆ 80 ಸೆಂ.ಮೀ. ದಾಟುವ ಸಾದಾ ಸ್ಟೀಲ್ ಕಡ್ಡಿ.

ಕಾರಣ ಹೀಗಿದೆ. 612ರ ತರಂಗದ ಉದ್ದ ಸುಮಾರು 490 ಮೀಟರ್. ಅದರ ಮುಂದೆ ಕಾರಿನ ಯಾವ ಕಡ್ಡಿಯೂ ತುಣುಕೇ. ಅದು ಸುಮಾರು 10 ಪಿಕೋಫ್ಯಾರಡ್‌ನ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಕೆಪಾಸಿಟರ್‌ನಂತೆ ವರ್ತಿಸುತ್ತದೆ. ಕಡ್ಡಿಯಿಂದ ಸ್ಟೀರಿಯೊಗೆ ಹೋಗುವ ಕೇಬಲ್ ಕೂಡ ಕೆಪಾಸಿಟರೇ, ಸಿಗ್ನಲ್ಲನ್ನು ಕಾರಿನ ಲೋಹದ ಬಾಡಿಯತ್ತ ಇಳಿಸಿಬಿಡುತ್ತದೆ. ಕಾರ್ ಆಂಟೆನಾದ ಕೇಬಲ್ಲಿನೊಳಗೆ ಎಳೆಯಂಥ ತಂತಿ ಸಡಿಲವಾಗಿ ಕೂತಿರುವುದು ಈ ಸೋರಿಕೆ ಕಡಿಮೆಯಾಗಲೆಂದೇ. ಉದ್ದ ಸಾಲದೆಂದು ಕತ್ತರಿಸಿ ಆರ್‌ಜಿ-58 ಎಂಬ ಬೇರೆ ಜಾತಿಯ ಕೇಬಲ್ ಜೋಡಿಸಿದರೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹೆಚ್ಚುತ್ತದೆ, ಎರಡು ಮೀಟರಿಗೇ ಎಎಂ ಸೊರಗುತ್ತದೆ. ಎಫ್ಎಂ ಮಾತ್ರ ಎಂದಿನಂತೆ ಹಾಡುತ್ತಿರುತ್ತದೆ, ಹಾಗಾಗಿ ಜೋಡಿಸಿದವರಿಗೆ ತಪ್ಪು ಗೊತ್ತೇ ಆಗುವುದಿಲ್ಲ.

ಕೂರಿಸುವಾಗ ಜೀವ ಇರುವುದು ಅರ್ತಿನಲ್ಲಿ, ಅಂದರೆ ಆಂಟೆನಾದ ಬುಡ ಕಾರಿನ ಲೋಹಕ್ಕೆ ತಗಲುವುದರಲ್ಲಿ. ಬುಡದ ಹಲ್ಲುಗಳು ಕಚ್ಚುವ ಜಾಗದಲ್ಲಿ ಒಳಬದಿಯ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದಂತೆ ಸುತ್ತಲೂ ಗ್ರೀಸ್ ಸವರಿ. ಮಲ್ಟಿಮೀಟರಿನಲ್ಲಿ ಕಡ್ಡಿಯ ತುದಿಯಿಂದ ಪ್ಲಗ್ಗಿನ ನಡುಪಿನ್ನಿಗೆ 1 ಓಮ್ ಒಳಗೆ, ಪ್ಲಗ್ಗಿನ ಹೊರಕವಚದಿಂದ ಬಾಡಿಗೂ 1 ಓಮ್ ಒಳಗೆ ಬರಬೇಕು. ಪಿನ್ನಿಗೂ ಕವಚಕ್ಕೂ ನಡುವೆ ಸಂಪರ್ಕವೇ ತೋರಿಸಬಾರದು. ಅಲ್ಲಿ ಕೆಲವು ಸಾವಿರ ಓಮ್ ಕಂಡರೆ ಬುಡಕ್ಕೆ ನೀರಿಳಿದಿದೆ ಎಂದರ್ಥ. ಕರಾವಳಿ, ಮಲೆನಾಡಿನ ಮಳೆಗೆ ರಬ್ಬರ್ ವಾಷರ್ ಗಟ್ಟಿಯಿರುವ ಕಿಟ್ಟನ್ನೇ ಆರಿಸಿ.

ಅಂದಕ್ಕೆಂದು ಚಾವಣಿಯ ಕಡ್ಡಿ ಬಿಚ್ಚಿ ಹಾಕುವ 10 ಸೆಂ.ಮೀ. ಗಿಡ್ಡ ಆಂಟೆನಾ ಎಎಂ ಕೇಳುವವರಿಗೆ ಬೇಡವೇ ಬೇಡ. ಕಂಪನಿಯಿಂದಲೇ ಬಂದ ಶಾರ್ಕ್ ಫಿನ್ (ಚಾವಣಿಯ ಮೇಲಿನ ಮೀನಿನ ರೆಕ್ಕೆಯಂಥ ಆಂಟೆನಾ) ಬೇರೆ ಮಾತು. ಅದರ ಬುಡದಲ್ಲಿ ಸಾಮಾನ್ಯವಾಗಿ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಹೋಗಲೇಬೇಕು. ಸ್ಟೀರಿಯೊ ಬದಲಾಯಿಸಿದ ದಿನದಿಂದ ಎಎಂ ಸತ್ತಿದ್ದರೆ ಹೊಸ ಸ್ಟೀರಿಯೊದ ನೀಲಿ ಆಂಟೆನಾ ತಂತಿ ಕಾರಿನ ಆಂಟೆನಾ ಪ್ಲಗ್ಗಿಗೆ ಜೋಡಿಸುವ ಅಡಾಪ್ಟರಿಗೆ ಸೇರಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಸಾಕು, ಏನೂ ಕೊಳ್ಳಬೇಕಿಲ್ಲ.

ಕೇಬಲ್ ನಡುವೆ ಸಿಕ್ಕಿಸುವ ಬೂಸ್ಟರ್ ಶಿಫಾರಸು ಮಾಡಲಾರೆವು. ಕೆಲವು ಎಫ್ಎಂಗೆ ಮಾತ್ರ; ಎಎಂ ಹಿಗ್ಗಿಸುವವು ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತವೆ. ಗದ್ದಲದ ಮೂಲ ಹುಡುಕುವುದೇ ದಾರಿ. ಎಂಜಿನ್ ನಿಲ್ಲಿಸಿ ಕೇಳಿ, ಆಮೇಲೆ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಒಂದೊಂದಾಗಿ ಕೀಳಿ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬ್ ಆಫ್ ಮಾಡಿ ನೋಡಿ. ಅಗ್ಗದ ಚಾರ್ಜರ್ ಒಂದೇ ಸಾಕು, ದೂರದ ಸ್ಟೇಷನ್ನನ್ನು ಪೂರ್ತಿ ಮುಚ್ಚಿಹಾಕಲು. ಎಂಜಿನ್ ವೇಗಕ್ಕೆ ತಕ್ಕಂತೆ ಟಕಟಕ ಏರಿದರೆ ರೆಸಿಸ್ಟರ್ ಇಲ್ಲದ ಸ್ಪಾರ್ಕ್ ಪ್ಲಗ್ ಹಾಕಿದ್ದಾರೆಯೇ ಪರೀಕ್ಷಿಸಿ; ಸೀಟಿಯಂತೆ ಏರಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಕಡೆ ನೋಡಿ. ಆಂಟೆನಾ ಪ್ಲಗ್ ಕಿತ್ತರೂ ಗದ್ದಲ ಉಳಿದರೆ ಅದು ಕರೆಂಟಿನ ತಂತಿಯಿಂದ ಬರುತ್ತಿದೆ. ಗದ್ದಲ ತಡೆಯಲೆಂದು ಹಾಕುವ ಫೆರೈಟ್ ಕ್ಲಿಪ್ಪನ್ನು ತಂತಿಯ ಮೇಲೆ ಒಮ್ಮೆ ಮುಚ್ಚಿದರೆ ಮೀಡಿಯಂ ವೇವ್‌ನಲ್ಲಿ ಹೆಚ್ಚೇನೂ ಆಗದು. ದೊಡ್ಡ ಫೆರೈಟ್ ಬಳೆಗೆ ಚಾರ್ಜರ್ ತಂತಿಯನ್ನು ಎಂಟು-ಹತ್ತು ಸುತ್ತು ಸುತ್ತಬೇಕು.

ಇಷ್ಟೆಲ್ಲಕ್ಕೂ ಮೊದಲು ಡಿಸ್‌ಪ್ಲೇ ನೋಡಿ. ಎಎಂ 610ರಿಂದ 620ಕ್ಕೆ ಹಾರುತ್ತಿದ್ದರೆ ಸ್ಟೀರಿಯೊ ಅಮೆರಿಕದ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿದೆ. ನಮ್ಮಲ್ಲಿ ಹೆಜ್ಜೆ 9. ಸೆಟ್ಟಿಂಗ್ಸಿನ ರೇಡಿಯೊ ರೀಜನ್‌ನಲ್ಲಿ ಏಷ್ಯಾ ಅಥವಾ ಯುರೋಪ್ ಆರಿಸಿದರೆ 603, 612, 621 ಎಂದು ಸಾಲಾಗಿ ಬರುತ್ತವೆ.